ಕರಿಯಣ್ಣನ ಪರವಾಗಿ

ನಮ್ಮೂರ ಹೋಟೆಲಿನಲ್ಲಿ ಕಾಫಿ ಹೇಳಿದವರು ಕಾಫಿ ಬರುವವರೆಗೆ ಮಾತಾಡುವುದಿಲ್ಲ. ಆಡಲು ಆಗುವುದಿಲ್ಲ. ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದ ಕೂಡಲೇ ಧ್ವನಿ ಹೋಗುತ್ತದೆ. ಕೇಳಿದ್ದು ಕೈಗೆ ಬಂದಾಗ ಮರಳುತ್ತದೆ. ಕಾಫಿಯಾದರೆ ಐದು ನಿಮಿಷ. ಇನ್ನೊಬ್ಬರಿಗಾಗಿ ಕೇಳಿದರೆ ಏನೂ ಆಗುವುದಿಲ್ಲ. ಆದ್ದರಿಂದ ಜೊತೆಯಲ್ಲಿ ಬಂದವರು "ಇವರಿಗೊಂದು ಕಾಫಿ", "ಅವರಿಗೊಂದು ಕಾಫಿ" ಎಂದು ಪರಸ್ಪರ ಹೇಳಿಕೊಂಡು ಹರಟೆ ಮುಂದುವರಿಸುತ್ತಾರೆ. ಒಂಟಿಯಾಗಿ ಬಂದವರು ಮಾತ್ರ ಲೋಟ ಬರುವವರೆಗೆ ಗೋಡೆ ನೋಡುತ್ತಾ ಕೂತಿರುತ್ತಾರೆ.

ಕೇಳಿದ್ದು ಸಿಗದಿದ್ದರೆ ಇನ್ನೊಂದು ದಾರಿಯಿದೆ. ಬೇಡವೆಂದು ಮನಸ್ಸಿನಲ್ಲೇ ಬಿಟ್ಟುಬಿಡಬೇಕು. ಬಿಟ್ಟಂತೆ ನಟಿಸಿದರೆ ಗಂಟಲು ನಂಬುವುದಿಲ್ಲ.

ನನ್ನ ಧ್ವನಿ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಮೂರನೆಯ ದಿನ ಬೆಳಿಗ್ಗೆ, ರಂಗಧಾಮನನ್ನು ನನಗೆ ಉಳಿಸಿಕೊಡಿ ಎಂದು ಕೇಳಿದೆ. ಯಾರನ್ನು ಕೇಳಿದೆನೋ ನೆನಪಿಲ್ಲ. ಎದುರಿಗೆ ಒಬ್ಬ ನರ್ಸ್ ಇದ್ದಳು, ಗೋಡೆಯ ಮೇಲೆ ದೇವರ ಚಿತ್ರದ ಕ್ಯಾಲೆಂಡರ್ ಇತ್ತು. ರಂಗಧಾಮ ನನ್ನ ಗಂಡ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ವಿಶ್ವವಿದ್ಯಾನಿಲಯದಲ್ಲಿ ಪರಿಚಯವಾದವನು. ಮೂವತ್ತೆರಡು ವರ್ಷ, ಮಿದುಳು ಜ್ವರ. ಮಧ್ಯಾಹ್ನ ಹೋದ. ಅವನ ತಾಯಿ, ನನ್ನ ಅತ್ತೆ ತಿಮ್ಮಕ್ಕ, ನನ್ನ ಪಕ್ಕದಲ್ಲೇ ನಿಂತು ಅದನ್ನೇ ಕೇಳಿದ್ದರು. ಇಬ್ಬರೂ ಮಾತಿಲ್ಲದೆ ಮನೆಗೆ ಬಂದೆವು.

ಹದಿಮೂರನೆಯ ದಿನ ಅತ್ತೆಯ ಧ್ವನಿ ಮರಳಿತು. ಎಂದರೆ ಮಗನನ್ನು ಕೇಳುವುದನ್ನು ಅವರು ನಿಲ್ಲಿಸಿದ್ದರು. ಹದಿಮೂರೇ ದಿನಕ್ಕೆ. ಅಂದಿನಿಂದ ಅವರು ಮಾಡಿದ್ದನ್ನು ಉಂಡೆ, ಹೇಳಿದ ಕೆಲಸ ಮಾಡಿದೆ, ಅವರ ಮುಖ ಮಾತ್ರ ಸರಿಯಾಗಿ ನೋಡಲಿಲ್ಲ.

ಪ್ರತಿಷ್ಠಾನದಲ್ಲಿ ನನಗೆ ಕೆಲಸ ಕೊಡಿಸಿದ್ದೂ ಅವರೇ. ಪ್ರತಿಷ್ಠಾನ ಎಂದರೆ ಹಳೆಯ ಹತ್ತಿ ಉಗ್ರಾಣದಲ್ಲಿ ವಾಚನಾಲಯವನ್ನೂ ಗಂಜಿಮನೆಯನ್ನೂ ನಡೆಸಿಕೊಂಡು ಬಂದಿದ್ದ ಒಂದು ಧರ್ಮಸಂಸ್ಥೆ. ನಿವೃತ್ತ ಪೋಸ್ಟ್ ಮಾಸ್ಟರ್ ರುಕ್ಮಾಬಾಯಿ ಅದರ ಅಧ್ಯಕ್ಷರು. ಮೊದಲು ಜನರಿಗೆ ಕೊಡುವ ಸಮುದಾಯ ಅನುದಾನವೆಲ್ಲ ಪುರಸಭೆಯಲ್ಲೂ ಅಕ್ಕಪಕ್ಕದ ಎರಡು ಪಂಚಾಯಿತಿಗಳಲ್ಲೂ ಇತ್ತು. ಬೇಕಾದವರು ಅಲ್ಲಿಗೆ ಹೋಗಿ ಸ್ವತಃ ಬಾಯಿಬಿಟ್ಟು ಕೇಳಬೇಕು. ಬರೆದುಕೊಟ್ಟರೆ ಧ್ವನಿಯೇನೋ ಉಳಿಯುತ್ತದೆ, ಆದರೆ ಬರೆದು ಕೇಳಿದ್ದಕ್ಕೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಧ್ವನಿ ಪಣಕ್ಕಿಟ್ಟವನ ಕಷ್ಟವೇ ನಿಜವಾದ ಕಷ್ಟ ಎಂಬ ಲೆಕ್ಕ. ಕೇಳಿದ ಮೇಲೆ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಪುರಸಭೆಯ ಜಗುಲಿಯ ತುಂಬ ಸ್ಲೇಟು ಹಿಡಿದವರು ಕೂತಿರುತ್ತಿದ್ದರು. ಒಬ್ಬ ಬಳೆಗಾರ ತಳ್ಳುಗಾಡಿ ಕೇಳಿ ಏಳು ತಿಂಗಳು ಬೀದಿಯಲ್ಲಿ ಕೂಗಲಾರದೆ ತಿರುಗಿದ. ಗಾಡಿ ಮಂಜೂರಾಗುವ ಹೊತ್ತಿಗೆ ಗಿರಾಕಿಗಳು ಬೇರೆಯವನನ್ನು ಹಿಡಿದಿದ್ದರು. ಆಮೇಲೆ ಮೂರೂ ಕಡೆಯ ಸದಸ್ಯರಿಗೆ ನಾಚಿಕೆಯಾಗಿ, ಒಂದು ಒಪ್ಪಂದ ಬರೆದು, ಹಣವನ್ನು ಮೂರು ವರ್ಷದ ಮಟ್ಟಿಗೆ ಪ್ರತಿಷ್ಠಾನದ ಕೈಗೆ ಒಪ್ಪಿಸಿದರು. ಮೂರು ವರ್ಷದ ಕೊನೆಯ ಸಭೆಯಲ್ಲಿ ಹಂಚದೆ ಉಳಿದದ್ದು ಪುರಸಭೆಗೆ ಮರಳಬೇಕು. ಅದೊಂದೇ ಷರತ್ತು.

ರುಕ್ಮಾಬಾಯಿ ಒಂದೇ ನಿಯಮ ಮಾಡಿದರು. ತನಗಾಗಿ ಯಾರೂ ಕೇಳಬಾರದು. ಇನ್ನೊಬ್ಬರು ಕೇಳಬೇಕು, ಸಭೆಯಲ್ಲಿ, ಎಲ್ಲರಿಗೂ ಕೇಳಿಸುವಂತೆ.

ಊರು ಸ್ವಲ್ಪ ಬದಲಾಯಿತು. ಹತ್ತು ವರ್ಷ ಮಾತು ಬಿಟ್ಟಿದ್ದ ಓರಗಿತ್ತಿಯರು ಬದನೆಕಾಯಿ ಕೊಟ್ಟುಕೊಳ್ಳತೊಡಗಿದರು. ಎಡವಟ್ಟುಗಳೂ ಆದವು. ದರ್ಜಿ ಮಸ್ತಾನ್ ಸಾಬರಿಗೆ ಗುಂಡಿಯ ತೂತಿಗೆ ಕಾಜಾ ಹೊಲಿಯುವ ಯಂತ್ರ ಬೇಕಿತ್ತು. ಅವರ ಪರವಾಗಿ ಎದ್ದು ನಿಂತ ಹೋಟೆಲಿನ ಪದ್ದಣ್ಣ, "ತೂತು ಮಾಡೋ ಮೆಷಿನ್ನು, ಒಳ್ಳೆ ಗಟ್ಟಿದು, ಕಬ್ಬಿಣಾನೂ ಬಿಡಬಾರ್ದು" ಎಂದು ಧೈರ್ಯವಾಗಿ ಕೇಳಿದ. ಸಾಬರು ತಲೆ ಚಚ್ಚಿಕೊಂಡರೂ ಬಾಯಿ ಬಿಡುವಂತಿರಲಿಲ್ಲ. ಗೋಡೆ ಕೊರೆಯುವ ಡ್ರಿಲ್ಲು ಬಂತು. ಬೀದಿಯವರೆಲ್ಲ ಅದನ್ನು ಬಾಡಿಗೆಗೆ ಒಯ್ದರು. ಆ ಬಾಡಿಗೆಯಲ್ಲೇ ಸಾಬರು ಕಾಜಾ ಯಂತ್ರ ತಂದರು. ಈಗಲೂ ಪದ್ದಣ್ಣ, "ನಾನು ಅಂದೇ ಯೋಚನೆ ಮಾಡೇ ಕೇಳಿದ್ದು ಸಾಬ್ರೇ" ಎನ್ನುತ್ತಾನೆ.

ಸಭೆಯಲ್ಲಿ ಆಡಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಮಾತಿಲ್ಲದವಳು ಮಧ್ಯೆ ಬಾಯಿ ಹಾಕುವುದಿಲ್ಲ, ಇದಕ್ಕೆ ಹೇಳಿ ಮಾಡಿಸಿದವಳು ಎಂದು ರುಕ್ಮಾಬಾಯಿ ಎಲ್ಲರೆದುರೇ ಹೇಳಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಕನಿಕರವೂ ಇರಲಿಲ್ಲ. ಅದಕ್ಕೇ ನನಗೆ ಆ ಜಾಗ ಹಿಡಿಸಿತು.

ಕೊನೆಯ ಸಭೆಗೆ ಎರಡು ವಾರವಿರುವಾಗ ಕರಿಯಣ್ಣ ಬಂದ. ಅವನು ಊರಾಚೆ ಸುಡುಗಾಡು ನೋಡಿಕೊಳ್ಳುವವನು. ಆ ಜಾಗದ ಹೆಸರನ್ನು ನಮ್ಮೂರಲ್ಲಿ ಜೋರಾಗಿ ಹೇಳುವುದಿಲ್ಲ. "ಆ ಕಡೆ" ಎನ್ನುತ್ತಾರೆ. ಅವನು ಬಾಗಿಲಲ್ಲೇ ನಿಂತು ಟವೆಲನ್ನು ಕೈಯಿಂದ ಕೈಗೆ ಬದಲಾಯಿಸಿದ.

"ಮೇಷ್ಟ್ರಮ್ಮಾ, ಒಂದ್ ಇಚಾರ. ಇದು ಕೇಳೋದಲ್ಲ, ಸುಮ್ನೆ ಏಳ್ತಾ ಇರೋದು."

ನಾನು ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಆಷಾಢ ಬಂತು ಅಂದ್ರೆ ಗಾಳಿ ನಿಮಗೂ ಗೊತ್ತಲ್ಲ. ಬೆಂಕಿ ನಿಲ್ಲಾಕಿಲ್ಲ. ಓದ್ಸಲ ಒಬ್ರುದು ಅರ್ಧಕ್ಕೇ ಆರೋಗಿ, ಮಕ್ಳು ಅತ್ಕೊಂಡು ಕೂತ್ಕಂಡ್ರು. ಟಾರ್ಪಾಲು ಇಡ್ಕಂಡು ನಿಂತ್ಕಂತೀನಿ. ನನಗೂ ಅರವತ್ತಾಯ್ತು. ಬೆನ್ನು ತಡೀತಾ ಇಲ್ಲ. ಅಲ್ಲೊಂದು ಮೂರು ಕಡೆ ಗೋಡೆ ಇದ್ದಿದ್ರೆ..." ಎಂದವನು ಗಕ್ಕನೆ ನಿಲ್ಲಿಸಿ ಗಂಟಲು ಮುಟ್ಟಿಕೊಂಡ. "ನೋಡಿ, ಇನ್ನೊಂಚೂರಿದ್ರೆ ಕೇಳ್ಬಿಡ್ತಿದ್ದೆ."

ಗಾಳಿ ನನಗೆ ಗೊತ್ತಿತ್ತು. ರಂಗಧಾಮ ಹೋದದ್ದು ಆಷಾಢದಲ್ಲೇ. ನಮ್ಮಲ್ಲಿ ಹೆಂಗಸರು ಆ ಕಡೆ ಹೋಗುವುದಿಲ್ಲ. ನಾನು ಹೋದೆ. ಬೇಡ ಎಂದು ಹಲವರು ಹೇಳಿದರು. ವಾದ ಮಾಡಲು ನನಗೆ ಧ್ವನಿ ಇರಲಿಲ್ಲ, ವಾದ ಮಾಡದವಳನ್ನು ತಡೆಯುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಅವನು ಹೋದ ಮರುದಿನ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಕರಿಯಣ್ಣ ಗಾಳಿಗೆ ಬೆನ್ನು ಕೊಟ್ಟು, ಟಾರ್ಪಾಲಿನ ಎರಡು ತುದಿಗಳನ್ನು ಮುಂಗೈಗೆ ಸುತ್ತಿಕೊಂಡು, ಕಿಡಿಗಳ ಎದುರಿಗೆ ನಿಂತಿದ್ದ. ಒಮ್ಮೆಯೂ ಕೂರಲಿಲ್ಲ. ಹೋದವರ ಹೆಸರನ್ನು ಮೂರು ಸಲ ಕೂಗಿ ಕಳಿಸಿಕೊಡುವುದು ಅವನ ಕೆಲಸ. ಮನೆಯವರು ಜೊತೆಗೆ ದನಿಗೂಡಿಸುವುದು ರೂಢಿ. ಮನೆಯವರೆಂದರೆ ಅತ್ತೆ ಮತ್ತು ನಾನು, ಇಬ್ಬರೂ ಮೂಕರು. ಅವನೊಬ್ಬನೇ ಕೂಗಿದ. ರಂಗಧಾಮ ಎಂಬ ಹೆಸರು ಅಷ್ಟು ಗಟ್ಟಿಯಾಗಿ ಕೇಳಿಸಿದ್ದು ಅದೇ ಕೊನೆ.

ಸ್ಲೇಟಿನ ಮೇಲೆ ಬರೆದೆ: ಯಾರಾದರೂ ನಿನಗಾಗಿ ಕೇಳುತ್ತಾರಾ?

ಓದಲು ಬಾರದವನಿಗೆ ರುಕ್ಮಾಬಾಯಿ ಒಳಗಿನಿಂದ ಬಂದು ಓದಿ ಹೇಳಿದರು. ಅವನು ನಕ್ಕ. "ಕೇಳ್ನೋಡ್ದೆ ಅವ್ವ. ಅಂದ್ರೆ, ಇಂಗೇ ಏಳ್ನೋಡ್ದೆ. ಪದ್ದಣ್ಣ ಏನಂದ ಗೊತ್ತಾ? 'ಕರಿಯಾ, ಬೇಕಾದ್ರೆ ನಿನಗೆ ಆನೆ ಕೇಳ್ತೀನಿ, ಆ ಜಾಗದ ಎಸ್ರು ಮಾತ್ರ ನನ್ ಬಾಯಲ್ಲಿ ಬೇಡ' ಅಂದ."

ಕಾರಣ ಎಲ್ಲರಿಗೂ ಗೊತ್ತು. ಆ ಕಡೆಗೆ ಬೇಕೆಂದು ಯಾರು ಬಾಯಿಬಿಟ್ಟು ಕೇಳುತ್ತಾರೋ ಅವರ ಮನೆಗೇ ಅದರ ಮೊದಲ ಉಪಯೋಗ ಬರುತ್ತದೆ ಎಂದು ನಮ್ಮೂರು ನಂಬುತ್ತದೆ. ಯಾರೂ ಕೇಳಿಲ್ಲದ್ದರಿಂದ ಅದು ನಿಜವೋ ಸುಳ್ಳೋ ಪರೀಕ್ಷೆಯಾಗಿರಲಿಲ್ಲ.

"ನೀವು ಕೇಳಬಾರದೆ?" ಎಂದು ರುಕ್ಮಾಬಾಯಿಗೆ ಬರೆದು ತೋರಿಸಿದೆ.

"ಕೊಡೋ ಕೈ ಕೇಳೋ ಬಾಯಿ ಎರಡೂ ನಂದೇ ಆದ್ರೆ ನಾಳೆ ಯಾರು ನಂಬ್ತಾರೆ ವಸುಮತಿ?" ಎಂದರು ಅವರು. ಕರಿಯಣ್ಣ ಹೋದ ಮೇಲೆ ಇನ್ನೊಂದು ಮಾತು ಸೇರಿಸಿದರು. "ಉಳಿದಿರೋ ಹಣಕ್ಕೆ ಓಂಕಾರಪ್ಪ ಆಗಲೇ ಕಮಾನಿನ ನಕ್ಷೆ ಮಾಡಿಸಿದ್ದಾನೆ."

ಓಂಕಾರಪ್ಪ ಪುರಸಭೆಯ ಸದಸ್ಯ. ಕೆಟ್ಟವನಲ್ಲ. ಊರಿನ ಬಾಗಿಲಿಗೆ ಒಂದು ಸ್ವಾಗತ ಕಮಾನು ಇರಬೇಕು, ಅದರ ಮೇಲೆ ಸದಸ್ಯರ ಹೆಸರಿರಬೇಕು ಎಂಬುದು ಅವನ ಬಹುದಿನದ ಆಸೆ.

ಸಭೆಯ ಹಿಂದಿನ ದಿನ ಸಂಜೆ ಅತ್ತೆ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಸ್ಲೇಟು ಹಿಡಿದು ಎದುರಿಗೆ ಕೂತೆ. ಅವರು ನಾಲ್ಕನೆಯ ಕ್ಲಾಸಿನವರೆಗೆ ಓದಿದವರು. ನಾಳೆ ಕರಿಯಣ್ಣನ ಪರವಾಗಿ ನೀವು ಕೇಳಿ ಎಂದು ಬರೆದಿದ್ದೆ. ಅವರು ನಿಧಾನವಾಗಿ ಓದಿ ಸ್ಲೇಟನ್ನು ಮಗುಚಿ ಇಟ್ಟರು.

"ಆಗಲ್ಲ."

ನಾನು ನೋಡುತ್ತಲೇ ಇದ್ದೆ.

"ಏನಂಗೆ ನೋಡ್ತೀಯ? ನಾನು ಕೇಳಿದ್ರೆ ಅದು ನನ್ನ ಮನೆಗೆ ಬತ್ತದೆ. ನಂಗೆ ಬಂದ್ರೆ ಬರ್ಲಿ ಬಿಡು, ನಾನು ಎದ್ರಲ್ಲ. ಆದ್ರೆ ನನ್ನ ಮನೇಲಿ ಇನ್ನೂ ಒಂದು ಜೀವ ಐತಲ್ಲ."

ಸ್ಲೇಟು ತಿರುಗಿಸಿ ಬರೆದೆ. ಬಹಳ ದಿನದಿಂದ ಬರೆಯದೆ ಇಟ್ಟುಕೊಂಡಿದ್ದದ್ದು. ನೀವು ಹದಿಮೂರೇ ದಿನಕ್ಕೆ ಅವನನ್ನು ಬಿಟ್ಟಿರಿ.

ಅವರು ಅದನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಒಂದು ಅವರೆಕಾಯಿ ಬಿಡಿಸಿ ಕಾಳುಗಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಬೆರಳಲ್ಲೇ ಇಟ್ಟುಕೊಂಡರು.

"ಅವತ್ತು ಎಡೆ ಇಟ್ಟಿದ್ವಿ, ನೆನಪೈತಾ? ಮಾಳಿಗೆ ಮೇಲೆ. ಕಾಗೆ ಬರ್ಲಿಲ್ಲ. ಮನೇವ್ರು ಕೂಗ್ದಿದ್ರೆ ಅದು ಬರಲ್ಲ. ನಿನ್ನ ಮುಖ ನೋಡ್ದೆ, ನೀನು ಕೂಗಲ್ಲ ಅಂತ ಗೊತ್ತಾಯ್ತು. ನೆಂಟ್ರೆಲ್ಲ ಕೆಳಗೆ ಕಾಯ್ತಾವ್ರೆ. ಬಿಸ್ಲಿಗೆ ಎಲೆ ತುದಿ ಒಣಗ್ತಾ ಬಂತು. ಮಗ ಅಸ್ಕೊಂಡವನೆ ಅನ್ನಿಸ್ತು ಕಣೆ. ಸ್ಕೂಲಿಂದ ಬಂದ್ರೆ ಬ್ಯಾಗೂ ಇಡ್ತಿರ್ಲಿಲ್ಲ, ಊಟ ಅನ್ನೋನು." ಸಿಪ್ಪೆಯನ್ನು ಕೆಳಗೆ ಹಾಕಿದರು. "ಬಿಟ್ಟೆ. ಬಿಟ್ಟು ಕೂಗ್ದೆ. ಬಂದ್ವು."

ನಾನು ಅಂದು ಮಾಳಿಗೆಯ ಮೂಲೆಯಲ್ಲಿದ್ದೆ. ಅವರು ಕೂಗಿದ್ದು ನನಗೆ ಕೇಳಿಸಿತ್ತು. ಯಾಕೆ ಕೂಗಿದರೆಂದು ನಾನು ಯೋಚಿಸಿರಲಿಲ್ಲ. ಧ್ವನಿ ಬಂತು ಎಂಬುದಷ್ಟನ್ನೇ ಹಿಡಿದುಕೊಂಡಿದ್ದೆ.

ಮಿಕ್ಕ ಅವರೆಕಾಯಿಯನ್ನು ಇಬ್ಬರೂ ಸೇರಿ ಬಿಡಿಸಿದೆವು.

ಮರುದಿನ ಸಭೆಗೆ ಉಗ್ರಾಣ ತುಂಬಿತ್ತು. ಹತ್ತು ಹದಿನೈದು ಕೋರಿಕೆಗಳು ಬೇಗ ಬೇಗ ಮುಗಿದವು. ಕ್ಷೌರದಂಗಡಿಯವನಿಗಾಗಿ ಹೂವಿನವಳು ತಿರುಗುವ ಕುರ್ಚಿ ಕೇಳಿದಳು. ಹೂವಿನವಳಿಗಾಗಿ ಅವನು ನೆರಳಿನ ಕೊಡೆ ಕೇಳಿದ. ರುಕ್ಮಾಬಾಯಿ ಎಲ್ಲಕ್ಕೂ ಹೂಂ ಎಂದರು, ನಾನು ಬರೆದುಕೊಂಡೆ. ಕೊನೆಗೆ ಒಂದು ದೊಡ್ಡ ಪಾಲು ಉಳಿಯಿತು.

"ಇನ್ಯಾರಾದರೂ ಇದ್ದಾರಾ?" ಎಂದು ರುಕ್ಮಾಬಾಯಿ ಕೇಳಿದರು. ಕೇಳುತ್ತಾ ಯಾರ ಮುಖವನ್ನೂ ನೋಡಲಿಲ್ಲ.

ಕರಿಯಣ್ಣ ಹಿಂದಿನ ಸಾಲಿನಲ್ಲಿದ್ದ. ಅವನ ಅಕ್ಕಪಕ್ಕದ ಎರಡೆರಡು ಕುರ್ಚಿ ಖಾಲಿ ಇದ್ದವು. ಪದ್ದಣ್ಣ ತನ್ನ ಚಪ್ಪಲಿ ನೋಡಿಕೊಂಡ. ಮಸ್ತಾನ್ ಸಾಬರು ಕೆಮ್ಮಿದರು.

"ಯಾರೂ ಇಲ್ವಲ್ಲಕ್ಕಾ, ಮುಗ್ಸಿ ಮತ್ತೆ," ಎಂದ ಓಂಕಾರಪ್ಪ. ಅವನ ಕಂಕುಳಲ್ಲಿ ನಕ್ಷೆಯ ಸುರುಳಿ ಇತ್ತು. "ಊರಿಗೆ ಬರೋರಿಗೆ ಇದು ಊರು ಅಂತನಾದ್ರೂ ಗೊತ್ತಾಗ್ಲಿ."

ಆಗ ಕರಿಯಣ್ಣ ಎದ್ದ. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಗಳು ನನ್ನ ಜಾಗಕ್ಕೂ ಕಾಣುತ್ತಿದ್ದವು. ಅವನು ಕೇಳಿಬಿಡುತ್ತಾನೆಂದು ನನಗೆ ತಿಳಿಯಿತು. ಕೇಳಿದರೆ ನಿಯಮದ ಪ್ರಕಾರ ಸಿಗುವುದಿಲ್ಲ. ಸಿಗದಿದ್ದರೆ ಧ್ವನಿ ಬರುವುದಿಲ್ಲ. ಇನ್ನು ಹೋದವರ ಹೆಸರನ್ನು ಕೂಗಲು ಊರಿಗೆ ಯಾರೂ ಇರುವುದಿಲ್ಲ. ಅವನು ಬಾಯಿ ತೆರೆದ.

ರಂಗಧಾಮ ಬರುವುದಿಲ್ಲ ಎಂಬುದು ನನಗೆ ಹೊಸ ಸಂಗತಿಯಾಗಿರಲಿಲ್ಲ. ಅದನ್ನು ಹದಿನಾಲ್ಕು ತಿಂಗಳು ದಿನವೂ ತಿಳಿದಿದ್ದೆ. ತಿಳಿದಿರುವುದು ಬೇರೆ, ಕೇಳುವುದನ್ನು ನಿಲ್ಲಿಸುವುದು ಬೇರೆ. ನಿಲ್ಲಿಸಿದಾಗ ದೊಡ್ಡದೇನೂ ಆಗಲಿಲ್ಲ. ಗಂಟಲಲ್ಲಿ ಒಣ ಕೆರೆತ ಬಂತು, ಅಷ್ಟೇ. ಪೆನ್ನು ಕೆಳಗಿಟ್ಟು ಎದ್ದು ನಿಂತೆ.

"ಕರಿಯಣ್ಣನಿಗೆ ಗೋಡೆ ಬೇಕು."

ಯಾವುದೋ ಅಪರಿಚಿತ ಹೆಂಗಸಿನ ಧ್ವನಿಯಂತಿತ್ತು. ಕರಿಯಣ್ಣನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಯಾರೋ "ಅಯ್ಯೋ ಮೇಷ್ಟ್ರಮ್ಮ" ಎಂದರು.

"ಎಲ್ಲಿಗೆ?" ರುಕ್ಮಾಬಾಯಿ ಕೇಳಿದರು. ಕೇಳಲೇಬೇಕಿತ್ತು.

"ಸುಡುಗಾಡಿಗೆ."

ಹಿಂದಿನ ಬಾಗಿಲ ಹತ್ತಿರ ಅತ್ತೆ ನಿಂತಿದ್ದರು. ಅವರು ಬಂದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಾನು ಆಡಿದ ಮಾತು ಯಾರ ಮನೆಗೆ ಬರುತ್ತದೆ ಎಂಬುದು ಆಗ ಹೊಳೆಯಿತು. ಬಹಳ ಕಾಲದ ಮೇಲೆ ನನಗೆ ಹೆದರಿಕೆಯಾಯಿತು. ಅದು ಹೆದರಿಕೆ ಎಂದು ಗುರುತಿಸಲೂ ಸ್ವಲ್ಪ ಹೊತ್ತು ಬೇಕಾಯಿತು.

"ಏನಕ್ಕಾ, ಆಫೀಸಿನೋರೇ ಕೇಳ್ಬೌದಾ?" ಎಂದ ಓಂಕಾರಪ್ಪ.

"ಕೊಡೋರು ಕೇಳಬಾರದು, ಅಷ್ಟೇ. ಇವಳು ಬರ್ಕೊಳ್ಳೋಳು." ರುಕ್ಮಾಬಾಯಿ ನನ್ನ ಕಡೆ ತಿರುಗಿದರು. "ಎಷ್ಟೆತ್ತರ?"

"ಕರಿಯಣ್ಣನ ತಲೆಗಿಂತ ಒಂದು ಮೊಳ ಮೇಲೆ. ಎದೆಯ ಮಟ್ಟ ಸಾಲದು, ಗಾಳಿ ಮೇಲಿನಿಂದ ಇಳಿಯುತ್ತೆ. ಪಡುವಲಿಗೆ ಒಂದು, ಆ ಕಡೆ ಈ ಕಡೆ ಎರಡು. ಮೂಡಲು ತೆರೆದಿರಬೇಕು. ಮನೆಯವರು ನಿಲ್ಲೋದು ಅಲ್ಲಿ." ಉಸಿರು ಸಾಲದೆ ನಿಲ್ಲಿಸಿದೆ. "ಒಂದು ಕಲ್ಲುಬೆಂಚು. ಅವನು ಆರು ಗಂಟೆ ನಿಂತಿರ್ತಾನೆ."

"ನಾನು ಬೆಂಚು ಏಳೇ ಇರ್ಲಿಲ್ಲ," ಎಂದ ಕರಿಯಣ್ಣ, ಯಾರಿಗೋ ಸಮಜಾಯಿಷಿ ಕೊಡುವವನಂತೆ.

ಓಂಕಾರಪ್ಪ ನಕ್ಷೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. ಅವನ ತಂದೆಯ ಬೆಂಕಿಯೂ ಎರಡು ಸಲ ಆರಿತ್ತೆಂದು ಊರಿಗೆಲ್ಲ ಗೊತ್ತು. "ಆಗ್ಲಿ ಬಿಡಿ," ಎಂದ. ಸ್ವಲ್ಪ ತಡೆದು, "ಗೋಡೆ ಮೇಲೆ ಸದಸ್ಯರ ಹೆಸರು ಬರೆಸ್ಬೌದಾ?" ಎಂದ.

"ಅಲ್ಲಿ ಹೆಸ್ರು ಬರೆಸ್ಕೊಳ್ಳೋಕೆ ಏನಪ್ಪಾ ನಿಂಗೆ ಅವಸರ?" ಎಂದರು ಮಸ್ತಾನ್ ಸಾಬರು.

ಉಗ್ರಾಣವೆಲ್ಲ ನಕ್ಕಿತು. ಓಂಕಾರಪ್ಪನೂ ನಕ್ಕ. ನಾನು ಕೂತು ಬರೆದುಕೊಂಡೆ. ಕೋರಿದವರು ಎಂಬ ಜಾಗದಲ್ಲಿ ನನ್ನ ಹೆಸರನ್ನೇ ಬರೆಯಬೇಕಾಯಿತು.

ದಾರಿಯಲ್ಲಿ ಅತ್ತೆ ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಈಗ ಅದು ಧ್ವನಿ ಇಲ್ಲದ್ದರಿಂದ ಅಲ್ಲ. ಮನೆಯ ಬಾಗಿಲು ತೆಗೆಯುವಾಗ ನಾನು "ಅತ್ತೆ" ಎಂದೆ. ಅವರು ಬೀಗದ ಕೈ ಹಿಡಿದುಕೊಂಡೇ ಅತ್ತರು.

ಗೋಡೆ ಮುಂದಿನ ಆಷಾಢದೊಳಗೆ ಎದ್ದಿತು. ಕೊರೆಯುವ ಕೆಲಸಕ್ಕೆ ಸಾಬರು ಡ್ರಿಲ್ಲನ್ನು ಬಾಡಿಗೆಯಿಲ್ಲದೆ ಕೊಟ್ಟರು. ಪದ್ದಣ್ಣ ಕೆಲಸದವರಿಗೆ ಕಾಫಿ ಕಳಿಸಿದ. ಆದರೆ ಊರು ಕಾಯುತ್ತಿತ್ತು. ನಮ್ಮ ಬೀದಿಯಲ್ಲಿ ಹಾದುಹೋಗುವವರು ಜಗುಲಿಯ ಮೇಲೆ ಅತ್ತೆ ಕೂತಿದ್ದಾರಾ ಎಂದು ನೋಡಿ ಮುಂದೆ ಹೋಗುತ್ತಿದ್ದರು. ನಾನೂ ಅದನ್ನೇ ಮಾಡುತ್ತಿದ್ದೆ. ಅವರಿಗೆ ಕೆಮ್ಮು ಬಂದರೆ ಅಡುಗೆಮನೆಯಿಂದ ಎದ್ದು ಬರುತ್ತಿದ್ದೆ.

ಒಂದು ಬೆಳಿಗ್ಗೆ ಅವರು ಸೀರೆ ಬದಲಾಯಿಸಿ ನಿಂತರು. "ನಡಿ, ಗೋಡೆ ನೋಡ್ಕೊಂಡು ಬರಾಣ. ನಂದಂತೆ ಅದು. ನಂದಾದ್ಮೇಲೆ ನಾನು ನೋಡ್ಬಾರ್ದಾ?"

ಗಾಳಿ ಜೋರಾಗಿತ್ತು. ಏರು ಹತ್ತುವಾಗ ನನ್ನ ತೋಳು ಹಿಡಿದುಕೊಂಡರು. ಕರಿಯಣ್ಣ ಕಲ್ಲುಬೆಂಚಿನ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದವನು ಗಾಬರಿಯಿಂದ ಎದ್ದ. ಅತ್ತೆ ಅವನನ್ನು ಕೂರಲು ಹೇಳಿ, ಗೋಡೆಗಳ ನಡುವೆ ಹೋಗಿ, ಪಡುವಲ ಗೋಡೆಗೆ ಬೆನ್ನು ಕೊಟ್ಟು ನಿಂತರು. ಅವರ ಸೆರಗು ಹಾರುವುದು ನಿಂತಿತು. ಕೂದಲು ನಿಂತಿತು.

"ಚೆನ್ನಾಗೈತೆ ಕಣೋ ಕರಿಯಾ. ಒಂಚೂರೂ ಗಾಳಿ ಬರಲ್ಲ. ಆರಾಮಾಗಿ ಮಲಗ್ಬೌದು."

ನನ್ನ ಬಾಯಿಗೆ ಮಾತು ಬಂತು. ನನ್ನನ್ನು ಬಿಟ್ಟು ಹೋಗಬೇಡಿ, ಇನ್ನೂ ಕೆಲವು ವರ್ಷ ಇರಿ. ಹಲ್ಲು ಕಚ್ಚಿ ಹಿಡಿದೆ. ಅದು ನನಗಾಗಿ ಕೇಳುವುದು. ಕೇಳಿದರೆ ಅದು ಸಿಕ್ಕಿತು ಎಂದು ಯಾವ ದಿನ ಗೊತ್ತಾಗುತ್ತದೆ? ಅವರು ಇರುವಷ್ಟು ದಿನವೂ ನಾನು ಮೂಕಳಾಗಿರುತ್ತೇನೆ.

ಅತ್ತೆ ನನ್ನ ಮುಖ ನೋಡುತ್ತಿದ್ದರು. ಮಾಳಿಗೆಯ ಮೇಲೆ ಅಂದು ನೋಡಿದಂತೆ.

"ಸುಮ್ನಿರು. ನೀನು ಬಾಯಿ ಬಿಡ್ಬೇಡ," ಎಂದರು. ಆಮೇಲೆ ಕರಿಯಣ್ಣನ ಕಡೆ ತಿರುಗಿ, ಸಭೆಯಲ್ಲಿ ಎದ್ದು ನಿಂತವರಂತೆ ಸೆರಗು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದರು. "ಲೇ ಕರಿಯಾ, ಕೇಳಿಸ್ಕೋ. ಈ ಹುಡ್ಗಿಗೆ ಇನ್ನೊಂದಷ್ಟು ವರ್ಷ ಒಬ್ಬಳು ಅತ್ತೆ ಬೇಕು. ಇವಳ ಪರವಾಗಿ ನಾನು ಕೇಳ್ತಾ ಇದ್ದೀನಿ. ಬರ್ಕೋ."

"ನಂಗೆಲ್ಲಿ ಬರಿಯಾಕೆ ಬತ್ತದೆ ತಿಮ್ಮಕ್ಕ," ಎಂದ ಕರಿಯಣ್ಣ. ಎದ್ದು ನಿಂತಿದ್ದ. "ಆದ್ರೆ ಕೇಳಿಸ್ಕಂಡೆ."

ಇಳಿಜಾರಿನಲ್ಲಿ ಅವರ ತೋಳನ್ನು ನಾನು ಹಿಡಿದುಕೊಂಡೆ. ಅವರ ಧ್ವನಿ ಹೋಗಿರಲಿಲ್ಲ. ಇಷ್ಟು ಬಿಸಿಲಲ್ಲಿ ಬರಿಗಾಲಲ್ಲಿ ಬಂದದ್ದಕ್ಕೆ, ಬೆಳಿಗ್ಗೆ ಹಾಲು ಉಕ್ಕಿಸಿದ್ದಕ್ಕೆ, ಅವರೆಕಾಳು ನೆನೆಹಾಕಲು ಮರೆತದ್ದಕ್ಕೆ ನನ್ನನ್ನು ಬೈಯುತ್ತಲೇ ಮನೆ ಮುಟ್ಟಿದರು. ನಾನು ಒಂದೊಂದಕ್ಕೂ ಎದುರುತ್ತರ ಕೊಟ್ಟೆ.